ಕೋಗಿಲೆಯ ಖಾತೆ, ಕಾಗೆಯ ಜಮಾ

ಹಾಡುವವರಿಗೆ ಹೆಸರು, ದುಡಿಯುವವರಿಗೆ ಬೈಗುಳ. ಇದು ಲೋಕರೂಢಿ. ಕಂಠ ಇಂಪಾಗಿರುವ ಹುಡುಗಿಯನ್ನು ‘ಕೋಗಿಲೆ’ ಎಂದು ಹೊಗಳುತ್ತೇವೆ. ಬಣ್ಣ ಕಪ್ಪಗಿದ್ದು ದನಿ ಒರಟಾಗಿರುವವನನ್ನು ‘ಕಾಗೆ’ ಎಂದು ಹಂಗಿಸುತ್ತೇವೆ. ಕೋಗಿಲೆಯೂ ಕಪ್ಪೇ ಎಂಬುದು ಆ ಹೊತ್ತಿಗೆ ಯಾರಿಗೂ ನೆನಪಾಗುವುದಿಲ್ಲ. ನಮ್ಮ ನೆರೆಹೊರೆಯವರು ಪಿತೃಪಕ್ಷದಲ್ಲಿ ಮಾಳಿಗೆಯ ಮೇಲೆ ಎಡೆ ಇಟ್ಟು ‘ಕಾ ಕಾ’ ಎಂದು ಕಾಗೆಯನ್ನು ಕರೆಯುತ್ತಾರೆ. ಆ ಹದಿನೈದು ದಿನ ಅದಕ್ಕೆ ಬೀಗರ ಮರ್ಯಾದೆ. ಹದಿನಾರನೆಯ ದಿನ ಮತ್ತೆ ‘ಹುಶ್’!

ಕವಿಗಳಂತೂ ಕೋಗಿಲೆಯ ಪಕ್ಷವನ್ನು ಎಂದೋ ಸೇರಿಬಿಟ್ಟಿದ್ದಾರೆ. ನಮ್ಮ ಆದಿಕವಿ ಪಂಪ 941ರ ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ, ಬನವಾಸಿಯಲ್ಲಿ ಕೋಗಿಲೆಯಾಗಿಯಾದರೂ ಹುಟ್ಟಬೇಕೆಂಬ ಆಸೆಯನ್ನು ಹಾಡಿದ್ದಾನೆ. ಅಂಥ ಮಹಾಕವಿಗೆ ಕೈಮುಗಿದೇ ಒಂದು ಮಾತು ಕೇಳಬೇಕೆನಿಸುತ್ತದೆ: ‘ಸ್ವಾಮಿ, ಬನವಾಸಿಯಲ್ಲಿ ಹುಟ್ಟುವುದೇನೋ ಸರಿ. ಬೆಳೆಯುವುದು ಯಾರ ಗೂಡಿನಲ್ಲಿ?’

ವಾಚಕ ಬಂಧುಗಳೇ, ನಾವು ಮ್ಯಾಟ್ರಿಕ್‌ವರೆಗೆ ಓದಿದವರು. ಜತ್ತದಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಳುಕಡಿ, ಕಿರಾಣಿ ವ್ಯಾಪಾರ ಮಾಡಿಕೊಂಡು ಬಂದವರು. ಪಕ್ಷಿಗಳ ವಿಷಯ ನಮಗೇಕೆ ಎಂದು ನೀವು ಕೇಳಬಹುದು. ಕಾರಣ ಎರಡು. ಒಂದು, ಅಂಗಡಿಯ ಹಿಂದಿನ ಬೇವಿನ ಮರದಲ್ಲಿ ಪ್ರತಿ ಬೇಸಿಗೆಯಲ್ಲೂ ಕಾಗೆ ಗೂಡು ಕಟ್ಟುತ್ತದೆ. ಗಾದಿಯ ಮೇಲೆ ಕುಳಿತೇ ಅದರ ವ್ಯವಹಾರವೆಲ್ಲ ನಮಗೆ ಕಾಣುತ್ತದೆ. ಎರಡು, ನಮ್ಮ ಮಗಳು ಸಾಂಗಲಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಮೇ ತಿಂಗಳ ರಜೆಗೆ ಬಂದಾಗ ನಾವು ಕಂಡದ್ದನ್ನು ಹೇಳುತ್ತೇವೆ, ಆಕೆ ಅದರ ಒಳಗುಟ್ಟು ಬಿಡಿಸುತ್ತಾಳೆ. ಕೇಳುತ್ತಾ ಹೋದಂತೆ, ಇದು ಪಕ್ಷಿಶಾಸ್ತ್ರವೋ ಪೇಟೆಯ ವ್ಯವಹಾರವೋ ಎಂದು ನಮಗೇ ಗೊಂದಲವಾಗಿದೆ!

ಮೊದಲು ಕೋಗಿಲೆಯ ದಂಧೆಯನ್ನೇ ನೋಡೋಣ. ಅದು ಗೂಡು ಕಟ್ಟುವುದಿಲ್ಲ, ಕಾವು ಕೊಡುವುದಿಲ್ಲ. ಕಾಗೆ ಮೊಟ್ಟೆ ಇಡುವ ಕಾಲಕ್ಕೆ ಸರಿಯಾಗಿ ತಾನೂ ಸಿದ್ಧವಾಗುತ್ತದೆ. ಮೊದಲು ಗಂಡು ಕೋಗಿಲೆ ಗೂಡಿನ ಹತ್ತಿರ ಬಂದು ಕೂಗುತ್ತದೆ. ಕಾಗೆಗಳಿಗೆ ಸಿಟ್ಟು ಬಂದು ಅದನ್ನು ಅಟ್ಟಿಸಿಕೊಂಡು ಹೋಗುತ್ತವೆ. ಗೂಡು ಖಾಲಿಯಾದದ್ದೇ ತಡ, ಹತ್ತಿರದ ಎಲೆಗಳ ಮರೆಯಲ್ಲಿ ಕಾದಿದ್ದ ಹೆಣ್ಣು ಬಂದು ತನ್ನ ಮೊಟ್ಟೆ ಇಟ್ಟು ಹಾರಿಬಿಡುತ್ತದೆ. ಒಬ್ಬ ಗಿರಾಕಿ ಮುಂದೆ ನಿಂತು ಜೋರಾಗಿ ಜಗಳ ತೆಗೆಯುವುದು, ಇನ್ನೊಬ್ಬ ಹಿಂದಿನಿಂದ ಕೈಚಳಕ ತೋರಿಸುವುದು ಜಾತ್ರೆಯ ಅಂಗಡಿಕಾರರಿಗೆಲ್ಲ ಗೊತ್ತಿರುವ ಉಪಾಯ. ಒಂದೇ ವ್ಯತ್ಯಾಸ. ಜಾತ್ರೆಯ ಕಳ್ಳ ಮಾಲು ಎತ್ತಿಕೊಂಡು ಹೋಗುತ್ತಾನೆ, ಕೋಗಿಲೆ ತನ್ನ ಮಾಲು ಇಟ್ಟುಹೋಗುತ್ತದೆ!

ಕೋಗಿಲೆಯ ಮೊಟ್ಟೆ ಕಾಗೆಯ ಮೊಟ್ಟೆಗಿಂತ ತುಸು ಸಣ್ಣದು, ಆದರೆ ಬಣ್ಣದಲ್ಲಿ, ಚುಕ್ಕೆಯಲ್ಲಿ ಹೋಲಿಕೆ ಇದೆ. ಅದು ಕಾಗೆಯ ಮೊಟ್ಟೆಗಿಂತ ಎರಡು ಮೂರು ದಿನ ಮೊದಲೇ ಒಡೆಯುತ್ತದೆ. ಪಂಕ್ತಿಗೆ ಮೊದಲು ಬಂದು ಕುಳಿತವನ ಎಲೆಗೆ ಹೋಳಿಗೆ ಮೊದಲು ಬೀಳುತ್ತದಲ್ಲವೇ, ಹಾಗೆ. ಹೀಗೆ ಬೆಳೆದ ಮರಿ ರೆಕ್ಕೆ ಬಲಿತು ಗೂಡು ಬಿಟ್ಟ ಮೇಲೂ, ಕಾಗೆಯ ಮುಂದೆ ಬಾಯಿ ತೆರೆದುಕೊಂಡು ಕೊಂಬೆಯಿಂದ ಕೊಂಬೆಗೆ ಹಾರಾಡುವುದನ್ನು ನಾವೇ ಎಷ್ಟೋ ಸಲ ಕಂಡಿದ್ದೇವೆ.

ಇದು ಕೋಗಿಲೆ ಒಂದರ ಕಥೆಯಲ್ಲ. ಜಗತ್ತಿನಲ್ಲಿ ಸುಮಾರು ನೂರು ಬಗೆಯ ಹಕ್ಕಿಗಳು ತಮ್ಮ ಮರಿಗಳನ್ನು ಪೂರ್ತಿಯಾಗಿ ಪರರ ಕೈಗೇ ಒಪ್ಪಿಸುತ್ತವೆಯಂತೆ.

ನಮ್ಮ ಸೀಮೆಯಲ್ಲಿ ಮೃಗಶಿರಾ ಮಳೆಯ ಸುಮಾರಿಗೆ ಒಂದು ಹಕ್ಕಿ ಹಗಲೂ ರಾತ್ರಿ ಕೂಗುತ್ತದೆ. ಮರಾಠಿಗರು ಅದನ್ನು ‘ಪಾವಶ್ಯಾ’ ಎನ್ನುತ್ತಾರೆ. ಅದರ ಕೂಗು ರೈತರ ಕಿವಿಗೆ ‘ಪೇರ್ತೇ ವ್ಹಾ’, ಅಂದರೆ ‘ಬಿತ್ತಿರಿ, ಬಿತ್ತಿರಿ’ ಎಂದು ಕೇಳುತ್ತದೆ. ಊರಿಗೆಲ್ಲ ಬಿತ್ತಲು ಹೇಳುವ ಈ ಮಹಾಶಯ ತಾನು ಬಿತ್ತುವುದು ಮಾತ್ರ ಪರರ ಹೊಲದಲ್ಲಿ! ಇದರ ಗಿರಾಕಿ ಹರಟೆಮಲ್ಲ. ಸದಾ ಗುಂಪುಗುಂಪಾಗಿ ನೆಲದ ಮೇಲೆ ಕುಪ್ಪಳಿಸುತ್ತ ಗಲಾಟೆ ಮಾಡುವ ಈ ಮಣ್ಣುಬಣ್ಣದ ಹಕ್ಕಿಗಳನ್ನು ಮರಾಠಿಯಲ್ಲಿ ‘ಸಾತಭಾಯಿ’, ಏಳು ಜನ ಅಣ್ಣತಮ್ಮಂದಿರು, ಎನ್ನುತ್ತಾರೆ. ಅಪ್ಪಟ ಅವಿಭಕ್ತ ಕುಟುಂಬ. ಮರಿಗಳಿಗೆ ಗುಟುಕು ಕೊಡುವುದು ತಂದೆತಾಯಿಯಷ್ಟೇ ಅಲ್ಲ, ಗುಂಪಿನಲ್ಲಿರುವವರೆಲ್ಲ ಕೊಡುತ್ತಾರೆ. ಪಾವಶ್ಯಾ ನೋಡಲು ಗಿಡುಗನ ಹಾಗೆಯೇ ಇರುವುದರಿಂದ ಸಣ್ಣ ಹಕ್ಕಿಗಳು ಹೆದರುತ್ತವೆ. ಪೊಲೀಸ್ ಅಂಗಿ ತೊಟ್ಟು ಮನೆ ಹೊಕ್ಕಂತೆ ಅದು. ಮೊಟ್ಟೆಯೂ ಹರಟೆಮಲ್ಲನದರಂತೆ ನೀಲಿ. ಮನೆಯಲ್ಲಿ ಎಂಟು ಹತ್ತು ಮಂದಿ ಇದ್ದೂ ಮೊಟ್ಟೆ ಎಣಿಸುವವರು ಒಬ್ಬರೂ ಇಲ್ಲ. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ‘ಅಣ್ಣ ನೋಡಿರಬೇಕು’ ಎಂದು ತಮ್ಮ, ‘ತಮ್ಮ ನೋಡಿರಬೇಕು’ ಎಂದು ಅಣ್ಣ!

ಇನ್ನು ಚಾತಕ ಪಕ್ಷಿ. ಮಳೆಹನಿಯನ್ನಲ್ಲದೆ ಬೇರೆ ನೀರನ್ನು ಮುಟ್ಟದ ಮಹಾವ್ರತಿ ಎಂದು ಕಾಳಿದಾಸನ ಕಾಲದಿಂದ ಕವಿಗಳು ಅದಕ್ಕೆ ಹಾರ ಹಾಕಿದ್ದಾರೆ. ತಲೆಯ ಮೇಲೆ ಜುಟ್ಟು, ಮೈ ಕಪ್ಪುಬಿಳುಪು. ಮುಂಗಾರಿನ ಜೊತೆಗೆ ಆಫ್ರಿಕಾದ ಕಡೆಯಿಂದ ಸಮುದ್ರ ದಾಟಿ ಬರುತ್ತದೆ. ಬಂದು ಮಾಡುವ ಕೆಲಸ? ಇದೂ ಹರಟೆಮಲ್ಲನ ಗೂಡಿನಲ್ಲಿ ಒಂದು ನೀಲಿ ಮೊಟ್ಟೆ ಇಡುವುದು! ನೀರಿನ ವಿಷಯದಲ್ಲಿ ಅಷ್ಟು ನಿಯಮ, ಮಕ್ಕಳ ವಿಷಯದಲ್ಲಿ ಇಷ್ಟು ಸಡಿಲ. ಇಂಥವರನ್ನು ಮನುಷ್ಯರಲ್ಲೂ ನೀವು ಕಂಡಿರಬಹುದು. ಹೆಸರು ಬೇಡ.

ಸಮುದ್ರದಾಚೆಯ ಸುದ್ದಿ ಇನ್ನೂ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ಕುಕ್ಕೂ ನಮ್ಮ ಕೋಗಿಲೆಗಿಂತ ಕಟುಕ. ಹತ್ತು ಸೆಕೆಂಡಿನ ಆಚೀಚೆ ಅದು ಮೊಟ್ಟೆ ಇಟ್ಟು ಮಾಯವಾಗುತ್ತದೆ. ಅದರ ಮರಿ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ, ಮೈಮೇಲೆ ಒಂದು ತುಪ್ಪಳವಿರುವುದಿಲ್ಲ. ಆಗಲೇ ಮನೆಯೊಡೆಯನ ಮೊಟ್ಟೆಗಳನ್ನು ಬೆನ್ನ ಮೇಲೆ ಹೊತ್ತು ಒಂದೊಂದಾಗಿ ಗೂಡಿನಾಚೆ ಉರುಳಿಸುತ್ತದೆ. ಇದಕ್ಕೆಂದೇ ಅದರ ಬೆನ್ನಿನಲ್ಲಿ ಒಂದು ತಗ್ಗು ಇರುತ್ತದೆ. ಇದನ್ನು ಕಣ್ಣಾರೆ ಕಂಡು 1788ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದವನು ಎಡ್ವರ್ಡ್ ಜೆನ್ನರ್ ಎಂಬ ವೈದ್ಯ. ಮರುವರ್ಷ ಆ ಸೊಸೈಟಿ ಅವನನ್ನು ತನ್ನ ಸದಸ್ಯನನ್ನಾಗಿ ಆರಿಸಿತು. ಮುಂದೆ 1796ರಲ್ಲಿ ಸಿಡುಬಿಗೆ ದೇವಿ ಹಾಕುವ ವಿಧಾನವನ್ನು ತೋರಿಸಿಕೊಟ್ಟವನೂ ಅವನೇ. ನಮ್ಮ ವಯಸ್ಸಿನವರೆಲ್ಲರ ತೋಳಿನ ಮೇಲೆ ಇರುವ ಗುರುತು ಅವನದೇ ಕೊಡುಗೆ. ಕುಕ್ಕೂವಿನ ಕಳ್ಳತನ ಕಂಡ ಕಣ್ಣೇ ಸಿಡುಬಿನ ಕಳ್ಳದಾರಿಯನ್ನೂ ಕಂಡಿತು ಅನ್ನಿ.

ಹೀಗೆ ಒಂಟಿಯಾಗಿ ಉಳಿದ ಕುಕ್ಕೂ ಮರಿಯನ್ನು ಸಾಕುವ ಜೊಂಡಿನ ಸಣ್ಣ ಹಕ್ಕಿ ಗುಬ್ಬಿಗಿಂತ ಚಿಕ್ಕದು. ಮರಿ ಬೆಳೆಯುತ್ತ ಗೂಡು ತುಂಬಿ ಹೊರಗೆ ಉಕ್ಕುತ್ತದೆ. ಪಾಪ, ಸಾಕುತಾಯಿ ಅದರ ಬೆನ್ನ ಮೇಲೆಯೇ ನಿಂತು ಬಾಯಿಗೆ ಗುಟುಕು ಹಾಕಬೇಕಾಗುತ್ತದೆ! ಒಂದೇ ಮರಿ ಇದ್ದರೂ ಅದರ ಕೂಗು ಗೂಡು ತುಂಬ ಮರಿಗಳು ಒಟ್ಟಿಗೆ ಚೀರಿದ ಹಾಗಿರುತ್ತದೆ ಎಂದು 1998ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಒಬ್ಬನೇ ಬಂದು ಎಂಟು ಕಾರ್ಡಿನ ರೇಷನ್ ಒಯ್ದಂತಾಯಿತು.

ಅಮೆರಿಕದಲ್ಲಿ ಕೌಬರ್ಡ್ ಎಂಬುದಿದೆ. ದನದ ಹಿಂಡಿನ ಹಿಂದೆ ತಿರುಗುವ ಹಕ್ಕಿ. ಇನ್ನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳ ಗೂಡಿನಲ್ಲಿ ಇದರ ಮೊಟ್ಟೆ ಸಿಕ್ಕಿದೆ. ಅಷ್ಟು ಊರಲ್ಲಿ ಶಾಖೆ ತೆರೆದವರು ನಮ್ಮ ಪೇಟೆಯಲ್ಲಿ ಯಾರೂ ಇಲ್ಲ. 2007ರ ಒಂದು ಅಧ್ಯಯನದಲ್ಲಿ ಕಂಡುಬಂದದ್ದೇನೆಂದರೆ, ಇದರ ಮೊಟ್ಟೆಯನ್ನು ಗೂಡಿನಿಂದ ತೆಗೆದುಹಾಕಿದರೆ ಕೌಬರ್ಡ್ ಮತ್ತೆ ಬಂದು ಆ ಗೂಡನ್ನೇ ಹಾಳುಮಾಡುತ್ತದೆ. ಮೊಟ್ಟೆ ಇಟ್ಟುಕೊಂಡವರ ಗೂಡಿಗೆ ಅಷ್ಟು ತೊಂದರೆಯಿಲ್ಲ. ಮುಂಬಯಿಯಲ್ಲಿ ಇದಕ್ಕೆ ‘ಹಫ್ತಾ’ ಎನ್ನುತ್ತಾರೆ ಎಂದು ನಾವು ಮಗಳಿಗೆ ತಿಳಿಸಿದೆವು.

ಎಲ್ಲರೂ ಸುಮ್ಮನೆ ಮೋಸ ಹೋಗುತ್ತಾರೆಂದಲ್ಲ. ಆಸ್ಟ್ರೇಲಿಯಾದಲ್ಲಿ ಫೇರಿರೆನ್ ಎಂಬ ಅಂಗೈಯಗಲದ ನೀಲಿ ಹಕ್ಕಿ ಇದೆ. ತಾಯಿ ಕಾವು ಕೊಡುತ್ತಲೇ ಮೊಟ್ಟೆಯೊಳಗಿನ ಮರಿಗೆ ಒಂದು ಸ್ವರವನ್ನು ಹಾಡಿ ಕಲಿಸುತ್ತದೆ. ಒಡೆದು ಹೊರಬಂದ ಮರಿ ಆ ಸ್ವರ ಸೇರಿಸಿ ಕೂಗಿದರೆ ಊಟ, ಇಲ್ಲವಾದರೆ ಸಂಶಯ. 2012ರಲ್ಲಿ ಇದು ಬೆಳಕಿಗೆ ಬಂತು. ನಮಗೆ ನಗು ಬಂತು. ಗಿರಾಕಿಗೆ ತಿಳಿಯದಂತೆ ಬೆಲೆ ಹೇಳಲು ಅರಿವೆ ಅಂಗಡಿಯವರು ಗುಟ್ಟಿನ ಅಕ್ಷರಗಳನ್ನು ಇಟ್ಟುಕೊಂಡಿರುತ್ತಾರಲ್ಲ, ಅದೇ ವಿದ್ಯೆ. ಗಾದಿಯ ಮೇಲೆ ಕೂಡುವ ಮೊದಲೇ ಮಗನಿಗೆ ಕಲಿಸುವ ವಿದ್ಯೆಯನ್ನು ಈ ಹಕ್ಕಿ ಮೊಟ್ಟೆಯಲ್ಲೇ ಕಲಿಸಿಬಿಡುತ್ತದೆ!

ಈ ಕಳ್ಳರಲ್ಲೂ ಒಬ್ಬ ಮರ್ಯಾದಸ್ಥನಿದ್ದಾನೆ. ದಕ್ಷಿಣ ಅಮೆರಿಕದ ಕರಿತಲೆಯ ಬಾತು. ಅದೂ ಪರರ ಗೂಡಿನಲ್ಲೇ ಮೊಟ್ಟೆ ಇಡುತ್ತದೆ. ಆದರೆ ಮರಿ ಒಡೆದು ಹೊರಬಂದ ಒಂದೆರಡು ದಿನದಲ್ಲೇ ತನ್ನ ದಾರಿ ತಾನು ಹಿಡಿಯುತ್ತದೆ. ಕಾವು ಸಾಕು, ಅನ್ನ ಬೇಡ. ಧರ್ಮಶಾಲೆಯಲ್ಲಿ ರಾತ್ರಿ ಕಳೆದು ಬೆಳಗ್ಗೆ ಎದ್ದು ಚಾಪೆ ಸುತ್ತಿಟ್ಟು ಹೋಗುವ ಯಾತ್ರಿಕನ ಹಾಗೆ.

ಕೋಗಿಲೆಯ ಕುಲದಲ್ಲೇ ಗೃಹಸ್ಥಧರ್ಮ ಪಾಲಿಸುವವರೂ ಇದ್ದಾರೆ. ನಮ್ಮ ಕೆಂಬೂತ ಕೋಗಿಲೆಯ ದಾಯಾದಿ ಎಂದರೆ ನಾವು ಮೊದಲು ನಂಬಲಿಲ್ಲ. ನವಿಲು ಕುಣಿಯಿತೆಂದು ಕುಣಿಯಹೋದ ಹಕ್ಕಿ ಎಂದು ಗಾದೆಯಲ್ಲಿ ಅದನ್ನು ಹಂಗಿಸಿದ್ದೇ ಹಂಗಿಸಿದ್ದು. ಆದರೆ ಅದು ತನ್ನ ಗೂಡು ತಾನೇ ಕಟ್ಟಿ, ತನ್ನ ಮರಿಗೆ ತಾನೇ ಗುಟುಕು ಕೊಟ್ಟು ಸಾಕುತ್ತದೆ. ಹಾಡಲು ಬಾರದು, ಕುಣಿಯಲು ಬಾರದು, ಸಂಸಾರ ಮಾಡಲು ಬರುತ್ತದೆ. ಅದಕ್ಕೊಂದು ಒಳ್ಳೆಯ ಗಾದೆ ಕಟ್ಟುವವರಿಲ್ಲ.

‘ಅಷ್ಟು ಜಾಣ ಕಾಗೆಗೆ ಇದು ತಿಳಿಯೂದಿಲ್ಲೇನು?’ ಎಂದು ನಾವು ಮಗಳನ್ನು ಕೇಳಿದೆವು. ಕಾಗೆ ಕಿಲಾಡಿ. ಅಂಗಡಿಯ ಮುಂದೆ ಒಣಹಾಕಿದ ಕಾಳಿಗೆ ನಾವು ಯಾವಾಗ ಬೆನ್ನು ತಿರುಗಿಸುತ್ತೇವೆಂದು ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು.

‘ಅಪ್ಪಾ, ನೀವು ತಿಳಕೊಂಡಷ್ಟು ಸರಳ ಇಲ್ಲ ಅದು’ ಎಂದಳು. ‘ಸಂಶಯ ಬಂದ ಮೊಟ್ಟಿ ಎಲ್ಲಾ ಹೊರಗ ಒಗದ್ರ, ಒಂದೊಂದು ಸಲ ತಂದೇ ಮೊಟ್ಟಿ ಒಗದಂಗ ಆಗತೈತಿ. ಆ ಲುಕ್ಸಾನು ದೊಡ್ಡದು.’

ವ್ಯಾಪಾರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಖೊಟ್ಟಿ ನೋಟು ಬಂದೀತೆಂಬ ಭಯಕ್ಕೆ ಪ್ರತಿ ಗಿರಾಕಿಯ ಪ್ರತಿ ನೋಟನ್ನೂ ಬಿಸಿಲಿಗೆ ಹಿಡಿದು ಹಿಂದಿರುಗಿಸುತ್ತ ಕುಳಿತರೆ ಖೊಟ್ಟಿ ನೋಟಂತೂ ಬಾರದು, ಆದರೆ ಗಿರಾಕಿಯೂ ಬಾರನು. ವರ್ಷಕ್ಕೆ ಒಂದೆರಡು ಖೊಟ್ಟಿ ನೋಟು ಹೋಗಲಿ ಎಂದು ಅಂಗಡಿ ನಡೆಸುವವನು ಪೆದ್ದನಲ್ಲ. ಕಾಗೆಯೂ ಹಾಗೆಯೇ ಇರಬೇಕು.

ಇಲ್ಲಿಯವರೆಗೆ ನಗೆಯ ಮಾತಾಯಿತು. ಈಗ ನಮ್ಮ ಮನೆಯ ಮಾತು ಒಂದಿಷ್ಟು.

ನಮ್ಮ ಮಗ, ಸೊಸೆ ಇಬ್ಬರೂ ಪುಣೆಯಲ್ಲಿ ನೌಕರಿ ಮಾಡುತ್ತಾರೆ. ಮೊಮ್ಮಗಳು ಹುಟ್ಟಿದಾಗ ಸೊಸೆಗೆ ಕಾಯಿದೆಯಂತೆ ಇಪ್ಪತ್ತಾರು ವಾರ ರಜೆ ಸಿಕ್ಕಿತು. ರಜೆ ಮುಗಿದ ಮೇಲೆ ಎರಡು ಕೋಣೆಯ ಮನೆಯಲ್ಲಿ ಆರು ತಿಂಗಳ ಕೂಸನ್ನು ನೋಡಿಕೊಳ್ಳುವವರು ಯಾರು? ನಾವೇ ಜತ್ತಕ್ಕೆ ಕರೆತಂದೆವು. ಈಗ ಅವಳಿಗೆ ನಾಲ್ಕು ವರ್ಷ. ಗಲ್ಲಾದ ಪಕ್ಕದಲ್ಲಿ ಕುಳಿತು ಗಿರಾಕಿಗಳಿಗೆ ‘ಚಿಲ್ಲರೆ ಕೊಡ್ರಿ’ ಎಂದು ಗದರುವಷ್ಟು ದೊಡ್ಡವಳಾಗಿದ್ದಾಳೆ. ಮಗ ಸೊಸೆ ಹದಿನೈದು ದಿನಕ್ಕೊಮ್ಮೆ ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಟು ಬರುತ್ತಾರೆ, ರವಿವಾರ ರಾತ್ರಿ ಮರಳುತ್ತಾರೆ. ದಿನಾ ರಾತ್ರಿ ಎಂಟಕ್ಕೆ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡಿದ ಹೊರತು ಸೊಸೆ ಊಟಕ್ಕೆ ಕೂಡುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಓಣಿಯ ಹೆಣ್ಣುಮಕ್ಕಳು ನಮ್ಮ ಮನೆಯಲ್ಲಿ ಶಾವಿಗೆ ಹೊಸೆಯಲು ಕೂಡಿದ್ದರು. ಬೇವಿನ ಮರದಲ್ಲಿ ಕೋಗಿಲೆ ಕೂಗಿತು. ಒಬ್ಬಾಕೆ ಅಂದಳು: ‘ನಿಮ್ಮ ಸೊಸಿನೂ ಹಂಗ ನೋಡ್ರಿ. ಹಾಡೂದು ಪುಣೆದಾಗ, ಮರಿ ಜತ್ತದಾಗ.’ ಎಲ್ಲರೂ ನಕ್ಕರು. ಅಂದು ಸೊಸೆ ಊರಿಗೆ ಬಂದಿದ್ದಳು. ಒಳಗೆ ಕೂಸಿಗೆ ತಲೆ ಬಾಚುತ್ತಿದ್ದಳು. ಅವಳ ಕೈ ನಿಂತದ್ದನ್ನು ನಾವು ಪಡಸಾಲೆಯಿಂದ ಕಂಡೆವು. ಏನೂ ಅನ್ನಲಿಲ್ಲ. ಕೂಸಿನ ಜಡೆಯನ್ನು ಮತ್ತೆ ಬಿಚ್ಚಿ ಮತ್ತೆ ಹೆಣೆದಳು.

ಆಗ ನಮ್ಮ ಮಗಳು ಶಾವಿಗೆ ಮಣೆಯ ಹತ್ತಿರ ಬಂದು ಕುಳಿತು ನಿಧಾನವಾಗಿ ಹೇಳಿದಳು: ‘ಅಕ್ಕಾರ, ಈಗ ಹಾಡಿದ್ದು ಗಂಡು ಕೋಗಿಲೆ. ಹೆಣ್ಣಿಗೆ ಆ ಹಾಡಿಲ್ಲ. ಅದು ಕಪ್ಪೂ ಅಲ್ಲ, ಕಂದುಬಣ್ಣ, ಮೈತುಂಬ ಬಿಳಿ ಚುಕ್ಕಿ. ಇನ್ನೊಂದು ಕೇಳ್ರಿ. ಹೆಣ್ಣು ಕೋಗಿಲೆ ಕಾಗಿ ಗೂಡಿನಾಗಿನ ಕೋಗಿಲೆ ಮರಿಗೆ ಬಂದು ಗುಟುಕು ಕೊಟ್ಟಿದ್ದನ್ನ ನೋಡಿ ಬರದಿಟ್ಟವರು ಅದಾರ. ಗಂಡು ಕೋಗಿಲೆ ಕೊಟ್ಟಿದ್ದನ್ನ ಮಾತ್ರ ಯಾರೂ ಬರದಿಲ್ಲ.’

ಶಾವಿಗೆ ಮಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಮಾತು ಆಡಿದಾಕೆಯೇ ಎದ್ದು ಒಳಗೆ ಹೋಗಿ, ಸೊಸೆಯ ಕೈಯಿಂದ ಬಾಚಣಿಗೆ ತೆಗೆದುಕೊಂಡು, ‘ಬಾ ತಂಗಿ, ನೀನೂ ಕೂಡು ಬಾ’ ಎಂದು ಕರೆತಂದಳು. ಓಣಿಯ ಮಾತು ಓಣಿಯಲ್ಲೇ ಮುಗಿಯಿತು.

ಆದರೆ ನಮ್ಮ ತಲೆಯಲ್ಲಿ ಮುಗಿಯಲಿಲ್ಲ. ಹಾಡಿನ ಹೆಸರು ಗಂಡಿಗೆ, ಗೂಡು ಕಟ್ಟದ ಅಪವಾದ ಹೆಣ್ಣಿಗೆ! ದಿನವೆಲ್ಲ ಕೊಂಬೆಯ ಮೇಲೆ ಕುಳಿತು ಕೂಗುವ ಗಂಡನ್ನು ‘ಮರಿ ಎಲ್ಲಪ್ಪಾ’ ಎಂದು ಕೇಳಿದವರುಂಟೇ? ನಮ್ಮ ಮಗನೂ ಅದೇ ಪುಣೆಯಲ್ಲಿಯೇ ಇದ್ದಾನೆ. ಅವನನ್ನು ಓಣಿಯಲ್ಲಿ ಯಾರೂ ಕೋಗಿಲೆ ಎಂದಿಲ್ಲ.

ಇನ್ನೂ ಒಂದು ಮಾತಿದೆ. ಕೋಗಿಲೆ ಕಾಗೆಯನ್ನು ಕೇಳುವುದಿಲ್ಲ, ಕದ್ದು ಇಡುತ್ತದೆ. ಮನುಷ್ಯ ಕೇಳಿ ಒಪ್ಪಿಸುತ್ತಾನೆ, ಇನ್ನೊಬ್ಬರು ತಿಳಿದೇ ಕೈಚಾಚುತ್ತಾರೆ. ಕದ್ದು ಹಾಕಿದ ರಕಮಿಗೂ ನಂಬಿ ಇಟ್ಟ ಠೇವಣಿಗೂ ವ್ಯತ್ಯಾಸವಿಲ್ಲವೇ? ಆ ವ್ಯತ್ಯಾಸ ನಮಗೆ ಪುಸ್ತಕದಿಂದ ತಿಳಿದದ್ದಲ್ಲ. ನಾವೇ ಹಾಗೆ ಬೆಳೆದವರು.

1972ರ ಬರಗಾಲ ನಮ್ಮ ಸೀಮೆಯ ಹಿರಿಯರಿಗೆಲ್ಲ ನೆನಪಿದೆ. ಆಗ ನಮಗೆ ಹನ್ನೆರಡು ವರ್ಷ. ಜತ್ತ ತಾಲೂಕಿನ ನಮ್ಮ ಹಳ್ಳಿಯಲ್ಲಿ ಬಾವಿ ಬತ್ತಿ, ಉದ್ರಿ ಕೊಟ್ಟವರೆಲ್ಲ ಖಡಿ ಒಡೆಯುವ ಕೆಲಸಕ್ಕೆ ಹೋಗಿ, ನಮ್ಮ ತಂದೆಯವರ ಸಣ್ಣ ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಸರಕಾರ ಹಂಚುತ್ತಿದ್ದ ಕೆಂಪು ಮಿಲೋ ಜೋಳದ ರೊಟ್ಟಿಯ ರುಚಿ ಇಂದಿಗೂ ನಾಲಗೆಯ ಮೇಲಿದೆ. ನಮ್ಮ ತಾಯಿಯ ಅಕ್ಕ ಸೊಲ್ಲಾಪುರದಲ್ಲಿದ್ದರು. ಆ ದೊಡ್ಡವ್ವನಿಗೆ ಮೂವರು ಮಕ್ಕಳು, ಎರಡು ಖೋಲಿಯ ಬಾಡಿಗೆ ಮನೆ. ದೊಡ್ಡಪ್ಪನದು ಪೇಟೆಯಲ್ಲಿ ಅರಿವೆ ಅಂಗಡಿ. ಬರದ ಸುದ್ದಿ ಕೇಳಿ ದೊಡ್ಡವ್ವ ತಾವೇ ಬಂದು, ‘ಇವನ ಸಾಳಿ ಕೆಡೂದು ಬ್ಯಾಡ’ ಎಂದು ನಮ್ಮನ್ನು ಕರೆದೊಯ್ದರು. ಮ್ಯಾಟ್ರಿಕ್ ಮುಗಿಯುವವರೆಗೆ ನಾವು ಆ ಗೂಡಿನ ನಾಲ್ಕನೆಯ ಮರಿ.

ಊಟದ ಹೊತ್ತಿಗೆ ದೊಡ್ಡವ್ವ ನಾಲ್ಕು ತಾಟು ಸಾಲಾಗಿ ಇಟ್ಟು, ತುಪ್ಪದ ಚಮಚವನ್ನು ಒಮ್ಮೆ ಎಡದಿಂದ, ಮರುದಿನ ಬಲದಿಂದ ಶುರುಮಾಡುತ್ತಿದ್ದರು. ಕೊನೆಯ ತಾಟಿಗೆ ತುಪ್ಪ ಕಡಿಮೆ ಬೀಳುವುದು ಸಹಜ. ಆ ಕಡಿಮೆ ದಿನಾ ಒಬ್ಬನಿಗೇ ಬೀಳಬಾರದೆಂದು ಆ ಲೆಕ್ಕ. ಎರಡನೆಯ ಇಯತ್ತೆಯನ್ನೂ ಮುಗಿಸದ ಹೆಣ್ಣುಮಗಳು. ಇಂಥ ಖಾತೆ ಬರೆದ ಮುನೀಮನನ್ನು ನಾವು ಇಂದಿನವರೆಗೆ ಕಂಡಿಲ್ಲ.

ನಾವೂ ಸುಮ್ಮನೆ ಉಣ್ಣಲಿಲ್ಲ. ಸಂಜೆ ಅಂಗಡಿಯಲ್ಲಿ ದೊಡ್ಡಪ್ಪನ ರೋಜಕೀರ್ದಿ ಬರೆಯುತ್ತಿದ್ದೆವು. ಈ ಮಾತು ಹೇಳಿದಾಗ ಮಗಳು ಸ್ಪೇನ್ ದೇಶದ ಸುದ್ದಿ ಹೇಳಿದಳು. ಅಲ್ಲಿಯೂ ಒಂದು ಕುಕ್ಕೂ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಅದರ ಮರಿಯನ್ನು ಯಾರಾದರೂ ಹಿಡಿದರೆ ದುರ್ನಾತದ ದ್ರವ ಬಿಡುತ್ತದೆ. ಅದಕ್ಕೆ ಹೇಸಿ ಬೆಕ್ಕು ಗಿಡುಗಗಳು ದೂರ ಹೋಗುತ್ತವೆ. ಹೀಗಾಗಿ ಶತ್ರುಗಳ ಕಾಟ ಹೆಚ್ಚಿರುವ ವರ್ಷಗಳಲ್ಲಿ ಈ ಅತಿಥಿ ಇರುವ ಕಾಗೆಯ ಗೂಡೇ ಹೆಚ್ಚು ಕ್ಷೇಮ ಎಂದು 2014ರಲ್ಲಿ ಪ್ರಕಟವಾಯಿತಂತೆ. ಅಂದರೆ ಅತಿಥಿಯೂ ತನ್ನ ಕೈಲಾದ ಬಾಡಿಗೆ ಕೊಡುತ್ತದೆ! ನಾವು ಕೊಟ್ಟ ಬಾಡಿಗೆಗೆ ದುರ್ನಾತವಿರಲಿಲ್ಲ ಎಂಬುದಷ್ಟೇ ಸಮಾಧಾನ.

1984ರಲ್ಲಿ ನಮ್ಮ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಯಲ್ಲಿ ತಂದೆತಾಯಿಯ ಹೆಸರಿನ ಜೊತೆಗೆ ಅದೇ ಸಾಲಿನಲ್ಲಿ, ಅದೇ ಅಕ್ಷರದಲ್ಲಿ ದೊಡ್ಡಪ್ಪ ದೊಡ್ಡವ್ವನವರ ಹೆಸರೂ ಬರಬೇಕೆಂದು ನಾವು ಹೇಳಿದೆವು. ಬಳಗದ ಹಿರಿಯರೊಬ್ಬರು ತಡೆದರು. ‘ಹಡದವರು ಜೀವಂತ ಇದ್ದಾಗ ಇನ್ನೊಬ್ಬರ ಹೆಸರು ಹ್ಯಾಂಗ ಹಾಕತೀರಿ? ದತ್ತಕ ಕೊಟ್ಟಾರ ಅಂತ ಜನ ತಿಳೀತಾರ. ಹಡದವರಿಗೆ ಅವಮಾನ’ ಎಂದರು. ತಂದೆಯವರು ಉತ್ತರ ತೋಚದೆ ಸುಮ್ಮನಾದರು. ಅಕ್ಕಿ ಆರಿಸುತ್ತಿದ್ದ ನಮ್ಮ ತಾಯಿ ಮರದಿಂದ ಕಣ್ಣೆತ್ತದೆಯೇ ಅಂದರು:

‘ನಾ ಹಡದೀನಿ. ಆಕಿ ಬೆಳಸ್ಯಾಳ. ಎರಡೂ ಖರೇನ ಐತಿ. ಎರಡೂ ಬರೀರಿ.’

ಎರಡೂ ಅಚ್ಚಾಯಿತು. ಪತ್ರಿಕೆ ಸೊಲ್ಲಾಪುರಕ್ಕೆ ಮುಟ್ಟಿದಾಗ ದೊಡ್ಡವ್ವನವರು ಓದಲು ಬಾರದಿದ್ದರೂ ತಮ್ಮ ಹೆಸರು ಎಲ್ಲಿದೆಯೆಂದು ಕೇಳಿ, ಅದರ ಮೇಲೆ ಬೆರಳಿಟ್ಟು ನೋಡಿದರೆಂದು ಅಣ್ಣ ಹೇಳಿದ. ಆ ಪತ್ರಿಕೆ ಅವರ ಟ್ರಂಕಿನಲ್ಲಿ ಕೊನೆಯವರೆಗೂ ಇತ್ತು.

ಇಲ್ಲಿ ಭಾಷೆಯ ಒಂದು ಸ್ವಾರಸ್ಯ ಹೇಳಬೇಕು. ರವಿವಾರದ ಪಾಠಶಾಲೆಯಲ್ಲಿ ನಮಗೆ ಸಂಸ್ಕೃತ ಹೇಳಿಕೊಟ್ಟ ಪಂಡಿತರು ಅಮರಕೋಶದಲ್ಲಿ ಈ ಎರಡು ಹಕ್ಕಿಗಳ ಹೆಸರು ತೋರಿಸಿದ್ದರು. ಕೋಗಿಲೆಗೆ ‘ಪರಭೃತ’ ಎಂಬ ಹೆಸರಿದೆ. ಪರರಿಂದ ಪೋಷಿಸಲ್ಪಟ್ಟದ್ದು ಎಂದರ್ಥ. ಕಾಗೆಗೆ ‘ಪರಭೃತ್’ ಎಂಬ ಹೆಸರಿದೆ. ಪರರನ್ನು ಪೋಷಿಸುವುದು ಎಂದರ್ಥ. ಒಂದು ಅಕಾರದ ವ್ಯತ್ಯಾಸ ಅಷ್ಟೇ! ಖಾತೆಯ ಒಂದು ಕಡೆ ಜಮಾ, ಇನ್ನೊಂದು ಕಡೆ ನಾವೆ. ಕೋಗಿಲೆಯ ಕಥೆ ಬಲ್ಲ ಹಿರಿಯರು ಕಾಗೆಯನ್ನು ‘ಮೋಸ ಹೋದದ್ದು’ ಎಂದು ಕರೆಯಲಿಲ್ಲ, ‘ಸಾಕುವುದು’ ಎಂದು ಕರೆದರು. ಹೆಸರು ಕೊಡುವಾಗಲಾದರೂ ಕಾಗೆಗೆ ನ್ಯಾಯ ಸಿಕ್ಕಿದೆ.

ನಮ್ಮಂಥ ವ್ಯಾಪಾರಸ್ಥ ಮನೆಗಳಲ್ಲಿ ಪರಭೃತರಲ್ಲದವರು ಎಷ್ಟು ಜನ? ಅಜ್ಜನ ಅಂಗಡಿಯಲ್ಲಿ ಬೆಳೆದವರು, ಸೋದರಮಾವನ ಮನೆಯಲ್ಲಿದ್ದು ಓದಿದವರು, ಪರಊರಿನ ಸಾವಕಾರರ ಗಾದಿಯಲ್ಲಿ ಉಂಡು ಮಲಗಿ ವ್ಯಾಪಾರ ಕಲಿತವರು, ಬೋರ್ಡಿಂಗಿನ ಅಡಿಗೆಯಮ್ಮನ ಕೈತುತ್ತು ತಿಂದವರು. ಈಗ ಕಾಲ ತಿರುಗಿದೆ. ಅಜ್ಜ ಅಜ್ಜಿ ಊರಿನಲ್ಲಿ, ಮಕ್ಕಳು ಪುಣೆ ಬೆಂಗಳೂರಿನಲ್ಲಿ, ಮೊಮ್ಮಕ್ಕಳು ಎರಡರ ನಡುವೆ. ಬಿಟ್ಟವರನ್ನು ಕೋಗಿಲೆ ಎಂದು ನಗುವುದೂ ಬೇಡ, ಸಾಕಿದವರನ್ನು ಪುಕ್ಕಟೆ ಕಾಗೆ ಎಂದು ಎಣಿಸುವುದೂ ಬೇಡ. ಬಿಡುವವರ ಹೊಟ್ಟೆಯ ಸಂಕಟ ಬಿಡುವವರಿಗೇ ಗೊತ್ತು. ಸಾಕುವವರ ಸಂಕಟ ಬರುವುದು ಕೊನೆಗೆ.

ಆ ಕೊನೆ ನಮಗೂ ಬರುತ್ತಿದೆ. ಈ ಜೂನ್‌ನಲ್ಲಿ ಮೊಮ್ಮಗಳು ಪುಣೆಯ ಸಾಳಿಗೆ ಸೇರುತ್ತಾಳೆ. ಸೊಸೆ ಮೂರು ತಿಂಗಳಿಂದ ಅವಳ ಕೋಣೆ ಅಣಿಮಾಡುತ್ತಿದ್ದಾಳೆ. ಗೋಡೆಗೆ ಯಾವ ಬಣ್ಣ ಎಂದು ರಾತ್ರಿ ಫೋನಿನಲ್ಲಿ ಚರ್ಚೆ. ನಮ್ಮ ಮನೆಯವರು ಹಗಲೆಲ್ಲ ಕೂಸಿಗಾಗಿ ಕೌದಿ ಹೊಲಿಯುತ್ತಾರೆ, ತಮ್ಮ ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಜೋಡಿಸಿ. ‘ಪುಣೆದಾಗ ಹಾಸಿಗಿ ಸಿಗೂದಿಲ್ಲೇನು?’ ಎಂದು ನಾವು ಚೇಷ್ಟೆ ಮಾಡಿದರೆ, ‘ಸಿಗತಾವ, ಈ ವಾಸನಿ ಸಿಗೂದಿಲ್ಲ’ ಎಂದರು. ಕಾಗೆ ಹಾರಿಹೋದ ಮರಿಯ ಹಿಂದೆ ಬಡ್ಡಿ ಕೇಳಲು ಹೋಗುವುದಿಲ್ಲ. ನಾವೂ ಹೋಗುವುದಿಲ್ಲ. ನಾಲ್ಕು ವರ್ಷ ಮನೆಯಲ್ಲಿ ಆ ಕೂಸಿನ ನಗು ಇತ್ತಲ್ಲ, ಅಸಲು ಬಡ್ಡಿ ಎರಡೂ ಅಂದೇ ಮುಟ್ಟಿದೆ.

ಆದರೆ ಅಸಲು ಬಡ್ಡಿ ಮುಟ್ಟಿದರೂ ಖಾತೆಯಲ್ಲಿ ಹೆಸರು ಇರಬೇಕು. ಅದು ನಮ್ಮ ಕಸುಬಿನ ರೀತಿ. ಆದ್ದರಿಂದ ವಾಚಕ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಲಗ್ನ ಗೊತ್ತಾಗಿದ್ದರೆ, ಪತ್ರಿಕೆ ಅಚ್ಚಿಗೆ ಕೊಡುವ ಮುನ್ನ ವರನನ್ನೋ ವಧುವನ್ನೋ ಕರೆದು, ‘ನಿನ್ನನ್ನು ಬೆಳೆಸಿದವರು ಯಾರು ಯಾರು?’ ಎಂದು ಒಮ್ಮೆ ಕೇಳಿ. ಅತ್ತೆಯೋ, ಚಿಕ್ಕವ್ವನೋ, ಅಜ್ಜಿಯೋ, ಹಳೆಯ ಮುನೀಮನೋ, ಯಾರ ಹೆಸರು ಬಂದರೂ ಹೆತ್ತವರ ಪಕ್ಕದಲ್ಲಿ ಒಂದು ಸಾಲು ಬರೆಸಿ. ಒಂದು ಸಾಲು ಹೆಚ್ಚಾಯಿತೆಂದು ಅಚ್ಚುಕೂಟದವರು ಹೆಚ್ಚಿಗೆ ಹಣ ಕೇಳುವುದಿಲ್ಲ. ಕೇಳಿದರೆ, ಚೌಕಾಸಿ ಮಾಡದೆ ಕೊಟ್ಟುಬಿಡಿ.